ಮುರಗೆಪ್ಪನ ಮೂವತ್ತೇಳು ಯಾದಿಗಳು

“ಇಷ್ಟ ಮಂದಿಗೆ ನಮ್ಮ ಮನ್ಯಾಗ ಏನ ಕೆಲಸ ಐತಿ?”

ಬನಹಟ್ಟಿಯ ನೂಲಿನ ವ್ಯಾಪಾರಿ ಮುರಗೆಪ್ಪ ಅಂಗಡಿಯ ಗಾದಿಯ ಮೇಲೆ ಕುಳಿತು ಈ ಪ್ರಶ್ನೆಯನ್ನು ಗಟ್ಟಿಯಾಗಿಯೇ ಕೇಳಿದ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಒರಗಿದ್ದ ನೂಲಿನ ಮೂಟೆಗಳು ಸುಮ್ಮನಿದ್ದವು. ಎದುರಿನ ಕಂಪ್ಯೂಟರಿನ ಪರದೆ ಮಾತ್ರ, ನಿನ್ನೆಯಿಂದ ಇವತ್ತಿನವರೆಗೆ ನಾಲ್ಕು ಸಾವಿರದ ನೂರಾ ಹನ್ನೆರಡು ಮಂದಿ ಮನೆಯ ಬಾಗಿಲು ಬಡಿದರೆಂದೂ ಅಷ್ಟೂ ಮಂದಿಯನ್ನು ಹಿಂದಕ್ಕೆ ಕಳಿಸಲಾಗಿದೆಯೆಂದೂ ತಿಳಿಸುತ್ತಿತ್ತು. ಕೆಲವರು ಬ್ರೆಜಿಲಿನಿಂದ ಬಂದಿದ್ದರು, ಕೆಲವರು ರೊಮೇನಿಯಾದಿಂದ. ಮುರಗೆಪ್ಪನ ಮನೆಗೆ ವಿಜಯಪುರದ ನೆಂಟರು ಬಂದೇ ಎರಡು ವರ್ಷವಾಗಿತ್ತು.

ಈ ಲೆಕ್ಕ ಹೇಳುತ್ತಿದ್ದ ಡಬ್ಬಿ ಹಿಂದಿನ ದಿನವಷ್ಟೇ ಮನೆಗೆ ಬಂದಿತ್ತು. ಅದರ ಹೆಸರು ಫೈರ್‌ವಾಲ್. ಹೊರಗಿನ ಇಂಟರ್ನೆಟ್ಟಿಗೂ ಮನೆಯ ವೈಫೈಗೂ ನಡುವೆ ಕುಳಿತು, ಯಾರನ್ನು ಬಿಡಬೇಕು ಯಾರನ್ನು ಬಿಡಬಾರದು ಎಂದು ನೋಡುವುದು ಅದರ ಕೆಲಸ. ಜಮಖಂಡಿಯಲ್ಲಿ ಪರಿಚಯದವರೊಬ್ಬರ ಮನೆಯ ಕ್ಯಾಮೆರಾ ಒಂದು ದಿನ ತಾನಾಗಿ ತಿರುಗಿ ಗೋಡೆಯನ್ನು ನೋಡುತ್ತ ನಿಂತಿತೆಂಬ ಸುದ್ದಿ ಕೇಳಿ ಮುರಗೆಪ್ಪ ಅದನ್ನು ತರಿಸಿದ್ದ. ಅವನ ಮನೆಯಲ್ಲಿ ಕ್ಯಾಮೆರಾ ಇರಲಿಲ್ಲ. ಇದ್ದದ್ದು ತಾಯಿ ಕಸ್ತೂರೆವ್ವ, ಆಕೆಯ ಮುಂದೆ ಒಂದು ಟ್ಯಾಬ್.

ಕಸ್ತೂರೆವ್ವನಿಗೆ ಎಂಬತ್ತೊಂದು ವರ್ಷ. ತೇರದಾಳದ ದಾರಿಯಲ್ಲಿರುವ ಹುಣಸೀಕಟ್ಟಿ ಮಠದಲ್ಲಿ ಶ್ರಾವಣ ಮಾಸವಿಡೀ ಸಂಜೆ ಆರಕ್ಕೆ ಪುರಾಣ ನಡೆಯುತ್ತದೆ. ಅರವತ್ತು ವರ್ಷ ಆಕೆ ತಪ್ಪದೆ ಹೋಗಿದ್ದಾಳೆ. ಪದ್ಯಗಳು ಬಾಯಿಗೆ ಬರುತ್ತವೆ. ಆದರೆ ಕೊನೆಯ ದಿನದ ಕಥೆಯನ್ನು ಒಮ್ಮೆಯೂ ಕೇಳಿಲ್ಲ. ಪುರಾಣ ಮುಗಿಯುವ ಆ ಮಂಗಲದ ದಿನ ಐನೂರು ಮಂದಿಗೆ ಗೋಧಿ ಹುಗ್ಗಿಯಾಗಬೇಕು. ಬೆಲ್ಲದ ಪಾಕದ ಹದ ಆಕೆಯ ಹೊರತು ಯಾರಿಗೂ ತಿಳಿಯದು. ಅತ್ತ ಪುರಾಣಿಕರು ಕಡೆಯ ಅಧ್ಯಾಯ ಹಾಡುವ ಹೊತ್ತಿಗೆ ಇತ್ತ ಆಕೆ ಕೊಪ್ಪರಿಗೆಯ ಮುಂದೆ ನಿಂತಿರುತ್ತಿದ್ದಳು. ದನಿ ಹೊಗೆಯೊಡನೆ ಒಳಗೆ ಬರುತ್ತಿತ್ತು. ಅಕ್ಷರ ಬರುತ್ತಿರಲಿಲ್ಲ.

ಈಗ ಮೊಣಕಾಲು ಸೋತು ಮಠಕ್ಕೆ ಹೋಗುವುದು ನಿಂತಿದೆ. ಈ ವರ್ಷ ಮಠದವರು ಒಂದು ಹಳೆಯ ಕಂಪ್ಯೂಟರನ್ನು ಗದ್ದುಗೆಯ ಬದಿಗಿಟ್ಟು, ಅಲ್ಲಿಂದಲೇ ನೇರವಾಗಿ ನಲವತ್ತು ಭಕ್ತರ ಮನೆಗಳಿಗೆ ಪುರಾಣ ಕಳಿಸತೊಡಗಿದ್ದರು. ಶ್ರಾವಣ ಹಿಡಿದ ದಿನ ಕಸ್ತೂರೆವ್ವ ಟ್ಯಾಬಿಗೆ ವಿಭೂತಿ ಹಚ್ಚಿ, ಸೊಸೆ ಮಧುಮತಿಗೂ ಮಗನಿಗೂ ಕೇಳುವಂತೆ ಹೇಳಿದಳು: “ಈ ಸಲ ಮೂವತ್ತೂ ದಿನಾ ಕೇಳಾಕಿ ನಾ. ಒಂದ ಪದ್ಯಾ ತಪ್ಪಬಾರದು. ಕಡೀ ದಿನಾ ಅಂತೂ ತಪ್ಪಬಾರದು. ಮುಂದಿನ ಶ್ರಾವಣ ನನಗ ಐತೋ ಇಲ್ಲೋ.”

ಮುರಗೆಪ್ಪ ತಾಯಿಯ ಮಾತಿಗೆ ತಲೆಬಾಗುವ ಮಗ. ಪುರಾಣದ ದಾರಿಯಲ್ಲಿ ಕಳ್ಳರು ಬರಬಾರದೆಂದು ಡಬ್ಬಿಯನ್ನು ಇನ್ನಷ್ಟು ಬಲಪಡಿಸಲು ನಿಶ್ಚಯಿಸಿದ. ಮುಂದಿನ ಅನರ್ಥಗಳೆಲ್ಲ ಹುಟ್ಟಿದ್ದು ಈ ಭಕ್ತಿಯಿಂದಲೇ.

ಇಂಟರ್ನೆಟ್ಟಿನಲ್ಲಿ ಪ್ರತಿ ಮನೆಗೂ ಪ್ರತಿ ಯಂತ್ರಕ್ಕೂ ಅಂಕಿಗಳ ಒಂದು ವಿಳಾಸವಿರುತ್ತದೆ. ಅದಕ್ಕೆ ಐಪಿ ಎನ್ನುತ್ತಾರೆ. ದುಷ್ಟ ವಿಳಾಸಗಳನ್ನು ಕಲೆಹಾಕಿ ಪಟ್ಟಿ ಮಾಡಿ ಬೇಕಾದವರಿಗೆ ಪುಕ್ಕಟೆ ಕೊಡುವ ಪುಣ್ಯಾತ್ಮರು ಲೋಕದಲ್ಲಿದ್ದಾರೆ. ಆ ಪಟ್ಟಿಯ ಕೊಂಡಿಯನ್ನು ಡಬ್ಬಿಗೆ ಹಾಕಿದರೆ, ಪಟ್ಟಿಯಲ್ಲಿದ್ದವರಿಗೆ ಬಾಗಿಲು ಬಂದ್. ಮುರಗೆಪ್ಪ ಇದನ್ನು ಓದಿದ ಕ್ಷಣವೇ ಅರ್ಥಮಾಡಿಕೊಂಡ. ಅರ್ಥವಾಗಲು ಅವನಿಗೆ ಕಂಪ್ಯೂಟರ್ ಜ್ಞಾನ ಬೇಕಾಗಲಿಲ್ಲ. ಅವರ ಮನೆತನದಲ್ಲಿ ಅಂಥದೊಂದು ಯಾದಿ ಮೊದಲೇ ಇತ್ತು.

ನಮ್ಮ ಸೀಮೆಯಲ್ಲಿ ಬಳಕೆ ಬಿಡುವುದು ಎಂಬ ಪದ್ಧತಿ ಇದೆ. ಅದು ಜಗಳವಲ್ಲ. ಜಗಳ ಮುಗಿದು ಹೋಗುತ್ತದೆ, ಬಳಕೆ ಬಿಟ್ಟದ್ದು ಮುಗಿಯುವುದಿಲ್ಲ. ಬಳಕೆ ಬಿಟ್ಟ ಮನೆಗೆ ನಾವು ಹೋಗುವುದಿಲ್ಲ, ಅವರು ನಮ್ಮ ಮನೆಗೆ ಬರುವುದಿಲ್ಲ. ಮುರಗೆಪ್ಪನ ತಂದೆ ತೀರಿಕೊಳ್ಳುವ ಮುಂಚೆ ನಾಲ್ಕು ಮನೆಗಳ ಹೆಸರನ್ನು ಮಗನಿಗೆ ಒಪ್ಪಿಸಿದ್ದ. ಅದರಲ್ಲಿ ಮುಧೋಳದ ಮನೆಯೊಂದು ಮೊದಲನೆಯದು. ಕಾರಣ ತಂದೆಯೂ ಹೇಳಲಿಲ್ಲ, ಮಗನೂ ಕೇಳಲಿಲ್ಲ. ಕೇಳಿದರೆ ಹಿರಿಯರನ್ನು ನಂಬಲಿಲ್ಲವೆಂದಾಗುತ್ತದೆ. ಇನ್ನೊಬ್ಬರ ಯಾದಿಯಿಂದ ಒಂದು ಹೆಸರನ್ನು ನಾವಾಗಿ ತೆಗೆದರೆ ಯಾದಿ ಕೊಟ್ಟವರಿಗೆ ಅವಮಾನ.

ಆದ್ದರಿಂದ ಡಬ್ಬಿಯು “ಒಳಗೆ ಬರುವುದನ್ನು ತಡೆಯಲೇ, ಹೊರಗೆ ಹೋಗುವುದನ್ನೂ ತಡೆಯಲೇ” ಎಂದು ಕೇಳಿದಾಗ ಮುರಗೆಪ್ಪ ಎರಡಕ್ಕೂ ಗುರುತು ಹಾಕಿದ. ಬಳಕೆ ಬಿಟ್ಟ ಮೇಲೆ ಒಂದೇ ಕಡೆ ಬಿಡುವುದು ಎಲ್ಲಿಯಾದರೂ ಉಂಟೇ?

ಮೊದಲ ವಾರ ಮೂರು ಯಾದಿ. ಎರಡನೆಯ ವಾರ ಹನ್ನೊಂದು. ಮೂರನೆಯ ವಾರ ಇಪ್ಪತ್ತೊಂಬತ್ತು. ಯಾದಿ ಹೆಚ್ಚಿದಂತೆ ತಡೆದವರ ಸಂಖ್ಯೆಯೂ ಹೆಚ್ಚಿತು. ಪ್ರತಿದಿನ ಬೆಳಿಗ್ಗೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮುರಗೆಪ್ಪ ಆ ಸಂಖ್ಯೆಯನ್ನು ಓಣಿಗೆ ತಿಳಿಸತೊಡಗಿದ.

“ಇವತ್ತ ಹದಿನೆಂಟ ಸಾವಿರ!”

ಪಕ್ಕದ ಮನೆಯ ಹೊಳೆವ್ವ ಅಂಗಳದಲ್ಲಿ ಕುರಿಯ ಉಣ್ಣೆ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. “ಸಾವ್ಕಾರ್ರ, ಹದಿನೆಂಟ ಸಾವಿರ ಮಂದಿ ಬಂದ್ರ ನಮಗ ಒಬ್ಬರೂ ಕಾಣ್ಲಿಲ್ಲಲ್ಲ?”

“ಅವರು ಕಾಣೂದಿಲ್ಲಬೇ.”

“ಮತ್ತ ತಡದವ್ರ ಯಾರ?”

“ಡಬ್ಬಿ.”

ಹೊಳೆವ್ವ ಉಣ್ಣೆಯನ್ನು ಬದಿಗಿಟ್ಟಳು. ಆಮೇಲೆ ಮೆಟ್ಟಿಲ ಬಳಿ ಬಂದು ದನಿ ತಗ್ಗಿಸಿದಳು. “ಇಷ್ಟ ಮಂದೀನ ಹಾಕೀರಿ. ಇನ್ನೊಂದ ಹೆಸರ ಹಿಡಸ್ತೈತಲ್ರಿ ಅದರಾಗ?”

“ಯಾರದ?”

“ನಮ್ಮ ನೆಗೆಣ್ಣಿದು, ಗಂಡನ ಅಣ್ಣನ ಹೆಂತಿದು. ಬೀಳಗ್ಯಾಗ ಇರ್ತಾಳ. ಅಕಿ ಫೋನ ಮಾಡಿದ್ರ ಅಷ್ಟ ತಡೀರಿ. ಅಕಿ ಮಗಳ ರೇಷ್ಮಾ ಮಾಡಿದ್ರ ಬಿಡ್ರಿ, ಹುಡುಗಿ ಛಲೋ ಐತಿ.”

“ಹೆಸರ ಹಾಕಾಕ ಬರೂದಿಲ್ಲ ಹೊಳೆವ್ವ. ಅಂಕಿ ಬೇಕು.”

“ಅಂಕಿ? ಐವತ್ತೆಂಟ ಆಗಿರಬೇಕ ನೋಡ್ರಿ. ನನಗಿಂತ ಎರಡ ವರ್ಷ ದೊಡ್ಡಾಕಿ.”

ಮುರಗೆಪ್ಪ ಆಗುವುದಿಲ್ಲವೆಂದ. ಆದರೆ ಆಗುವುದಿಲ್ಲವೆಂಬ ಮಾತು ಓಣಿಯ ತುದಿ ಮುಟ್ಟುವುದರೊಳಗೆ, ಮುರಗೆಪ್ಪನ ಬಳಿ ಒಂದು ಯಾದಿ ಇದೆ, ಅದರಲ್ಲಿ ಲಕ್ಷಾಂತರ ಮಂದಿಯ ಹೆಸರಿದೆ, ಅಷ್ಟೂ ಮನೆಗಳ ಬಳಕೆಯನ್ನು ಅವನು ಬಿಟ್ಟಿದ್ದಾನೆ ಎಂದಾಗಿತ್ತು. ವಾರ್ಡಿನ ಸದಸ್ಯ ರಾಮಣ್ಣ ಮಧ್ಯಾಹ್ನವೇ ಬಂದು ಗಾದಿಯ ಅಂಚಿಗೆ ಕುಳಿತ.

“ಮುರಗೆಪ್ಪಾ, ಮಂದಿ ಕೇಳಾಕತ್ತಾರ. ನನ್ನ ಹೆಸರ ಅದರಾಗ ಇಲ್ಲಂತ ಒಂದ ಕಾಗದಾ ಬರದ ಕೊಡು.”

“ನಿಂದ್ಯಾಕ ಇರ್ತೈತೋ ಮಾರಾಯಾ?”

“ಇಲ್ಲಲ್ಲ? ಹಂಗಂತ ಬರಿ. ಸಹಿ ಮಾಡು. ಶಿಕ್ಕಾ ಇದ್ರ ಇನ್ನೂ ಛಲೋ.”

ಮುರಗೆಪ್ಪ ಬರೆದು, ಅಂಗಡಿಯ ಶಿಕ್ಕೆ ಒತ್ತಿ ಕೊಟ್ಟ. ರಾಮಣ್ಣ ಅದಕ್ಕೆ ಕಟ್ಟು ಹಾಕಿಸಿ ತನ್ನ ಕುರ್ಚಿಯ ಹಿಂದೆ ತೂಗುಹಾಕಿದ. ಕಾಗದ ಇಲ್ಲದ ಉಳಿದ ಸದಸ್ಯರನ್ನು ಜನ ಬೇರೆ ಕಣ್ಣಿನಿಂದ ನೋಡತೊಡಗಿದರು.

ಹೀಗಿರಲು ಶ್ರಾವಣದ ಇಪ್ಪತ್ತಾರನೆಯ ದಿನ ಸಂಖ್ಯೆ ಏಕಾಏಕಿ ಹನ್ನೊಂದು ಸಾವಿರಕ್ಕೆ ಇಳಿಯಿತು. ಮುರಗೆಪ್ಪ ಮೆಟ್ಟಿಲ ಮೇಲೆ ಬಂದು ಅದನ್ನು ಮೆಲ್ಲಗೆ ಹೇಳಿದ.

“ಯಾಕೋ, ಕಳ್ಳರಿಗೆ ಬ್ಯಾಸರಾತೇನ?” ಎಂದ ರಾಮಣ್ಣ, ಎಲ್ಲರ ಮುಂದೆ.

ಮುರಗೆಪ್ಪನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಮರುದಿನ, ಅಂದರೆ ಇಪ್ಪತ್ತೇಳನೆಯ ದಿನ ಬೆಳಿಗ್ಗೆ, ಇಂಟರ್ನೆಟ್ಟನ್ನೆಲ್ಲ ಶೋಧಿಸಿ ಎಲ್ಲಕ್ಕಿಂತ ದೊಡ್ಡ ಯಾದಿಯೊಂದನ್ನು ತಂದ. ಅದರಲ್ಲಿ ಕೋಟಿಗಟ್ಟಲೆ ವಿಳಾಸಗಳಿದ್ದವು. ಯಾದಿಯ ಮೇಲೆ ಅದು ಯಾವ ಕೆಲಸಕ್ಕೆ ಎಂದು ನಾಲ್ಕು ಸಾಲು ಬರೆದಿತ್ತು. ಹಿರಿಯರ ಯಾದಿಗೆ ಕಾರಣ ಕೇಳದವನು ಇದರ ಕಾರಣವನ್ನು ಓದುವನೇ? ಹಾಕಿಯೇಬಿಟ್ಟ. ಅದು ಮೂವತ್ತೇಳನೆಯದು.

ಸಂಜೆ ಆರಕ್ಕೆ ಐದು ನಿಮಿಷವಿದೆ ಎನ್ನುವಾಗ ಕಸ್ತೂರೆವ್ವ ಟ್ಯಾಬಿನ ಮುಂದೆ ಕುಳಿತಳು. ಪರದೆಯ ಮೇಲೆ ಒಂದು ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಮುರಗೆಪ್ಪ ವೈಫೈ ಆರಿಸಿ ಹಚ್ಚಿದ. ಮಧುಮತಿ ತನ್ನ ಫೋನು ಹಿಡಿದು ಮೂಲೆಮೂಲೆಗೆ ಓಡಾಡಿದಳು. ಆ ಮನೆಯ ಮಣ್ಣಿನ ಗೋಡೆ ಎರಡು ಮೊಳ ದಪ್ಪ. ಮೊಬೈಲಿನ ಸಿಗ್ನಲ್ ಒಳಗೆ ಬಂದ ಉದಾಹರಣೆಯೇ ಇಲ್ಲ; ಹೊರಗೆ ಹೋಗಿ ನೋಡೋಣವೆಂದರೆ ಮನೆಯವರ ಫೋನುಗಳಿಗೆ ವೈಫೈ ಹೊರತು ಬೇರೆ ಇಂಟರ್ನೆಟ್ ಹಾಕಿಸಿರಲಿಲ್ಲ.

“ಮಠದವರದ ಏನೋ ಕೆಟ್ಟಿರಬೇಕ ಅವ್ವಾ,” ಎಂದ ಮುರಗೆಪ್ಪ.

ಅಷ್ಟರಲ್ಲಿ ಗೋಡೆಯಾಚೆ ಹೊಳೆವ್ವನ ಅಂಗಳದಿಂದ, ಆಕೆಯ ಫೋನಿನೊಳಗಿಂದ, ಮಠದ ಗಂಟೆಯ ಸದ್ದು ಕೇಳಿಸಿತು. ಪುರಾಣ ಮೊದಲಾಗುವುದರಲ್ಲಿತ್ತು.

ಕಸ್ತೂರೆವ್ವ ಟ್ಯಾಬನ್ನು ಬದಿಗೆ ಸರಿಸಿದಳು. ಎರಡು ವರ್ಷದಿಂದ ಹೊಸ್ತಿಲು ದಾಟದವಳು ಕೋಲು ಹಿಡಿದು ಎದ್ದಳು. ಅಂಗಡಿಯೊಳಗಿಂದ ಹಾದು, ಮೆಟ್ಟಿಲನ್ನು ಒಂದೊಂದೇ ಕೂತು ಇಳಿದು, ಓಣಿಯ ಮಂದಿಯೆಲ್ಲ ನೋಡುತ್ತಿರುವಂತೆ ಹೊಳೆವ್ವನ ಅಂಗಳಕ್ಕೆ ಹೋಗಿ, ಉಣ್ಣೆಯ ರಾಶಿಯ ಮೇಲೆ ಕುಳಿತಳು. ಹೊಳೆವ್ವ ಫೋನನ್ನು ಒರೆಸಿ ಆಕೆಯ ಮುಂದೆ ಇಟ್ಟಳು. ಮೊದಲ ಪದ್ಯಕ್ಕೆ ಸರಿಯಾಗಿ ಕಸ್ತೂರೆವ್ವನ ಉಸಿರು ಹದಕ್ಕೆ ಬಂತು.

ಏಳು ಗಂಟೆಗೆ ಪುರಾಣ ಮುಗಿದು ಕಸ್ತೂರೆವ್ವ ಮನೆಗೆ ಮರಳಿದಳು. ಏಳೂಕಾಲಿಗೆ ರಬಕವಿಯವರೆಗೆ ಸುದ್ದಿ ಮುಟ್ಟಿತ್ತು: ಮುರಗೆಪ್ಪ ಮಠದ ಬಳಕೆ ಬಿಟ್ಟಿದ್ದಾನೆ. ತಾಯಿ ಬಿಟ್ಟಿಲ್ಲ, ಮನೆ ಬಿಟ್ಟು ಹೋಗಿದ್ದಾಳೆ.

ಮರುದಿನ ಬೆಳಿಗ್ಗೆ ಮೊದಲು ಬಂದವನು ಮಧುಮತಿಯ ಅಣ್ಣ ಭೀಮಪ್ಪ, ಬಾಡಗಂಡಿಯ ಕಬ್ಬಿನ ರೈತ. ಅವನ ಎಮ್ಮೆ ಇವತ್ತೋ ನಾಳೆಯೋ ಈಯುವುದರಲ್ಲಿತ್ತು. ಎಲ್ಲಿ ಹೋದರೂ ಕೊಟ್ಟಿಗೆಯ ಕ್ಯಾಮೆರಾದಿಂದ ಫೋನಿನಲ್ಲಿ ಅದನ್ನು ನೋಡುತ್ತಿರುವುದು ಅವನ ರೂಢಿ. ಚಹಾ ಕುಡಿಯುತ್ತ ಫೋನನ್ನು ಮನೆಯ ವೈಫೈಗೆ ಹಚ್ಚಿದ. ಲೋಟ ಕೆಳಗಿಟ್ಟ.

“ಮಾಮಾ, ನಮ್ಮ ಎಮ್ಮಿ ನಿಮ್ಮ ಮನ್ಯಾಗ ಕಾಣವಲ್ದು.”

“ಏನಂತೀ?”

“ಬಸ್ಸಿನ್ಯಾಗ ಕಂಡ್ತು. ನಿಮ್ಮ ಕಟ್ಟೀ ಮ್ಯಾಲ ನಿಂತಾಗ ಕಂಡ್ತು. ಹೊಸ್ತಲಾ ದಾಟಿದ ಕೂಡ್ಲೆ ಹ್ವಾತು. ಮಂದಿ ಹೇಳಿದ್ದ ಖರೆ ಹಂಗಾದ್ರ. ನಿನಗ ಹೆಣ್ಣ ಕೊಟ್ಟ ಮನೀ ಬಳಕೀನೂ ಬಿಟ್ಟಿ. ಬಿಡು. ಆದ್ರ ಬಸರ ಎಮ್ಮಿ ನಿನಗೇನ ಮಾಡಿತ್ತು?”

ಮಧುಮತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು. ಮುರಗೆಪ್ಪ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಮಠದ ಪುರಾಣಿಕ ಸಿದ್ದಾರೂಢ ನಿಂತಿದ್ದರು. ಕೈಯಲ್ಲಿ ತೆಂಗಿನಕಾಯಿ, ವಿಭೂತಿಗಟ್ಟಿ. ಹಿಂದೆ ಅರ್ಧ ಓಣಿ. ಪುರಾಣಿಕರ ಮುಖ ಬಾಡಿತ್ತು. ನೇರವಾಗಿ ಮುರಗೆಪ್ಪನ ಮುಂದೆ ಬಂದು ಕೈಮುಗಿದರು.

“ನಂದ ತಪ್ಪಾಗೇತಿ. ನಾನ ಒಪ್ಪಿಕೋತೇನಿ. ಮಠಾ ಬಿಡಬ್ಯಾಡ್ರಿ.”

“ಬುದ್ಧಿ, ನಿಮ್ದೇನ ತಪ್ಪರಿ?”

“ಇಪ್ಪತ್ತಾರನೇ ದಿನಾ ಗಂಟಲಾ ಕಟ್ಟಿತ್ತು. ಎರಡ ಪದ್ಯಾ ಬಿಟ್ಟ ಮುಂದ ಹ್ವಾದೆ. ಯಾರಿಗೂ ತಿಳಿಯಾಂಗಿಲ್ಲ ಅನ್ಕೊಂಡಿದ್ದೆ. ನಿಮ್ಮ ಮಷೀನಿಗೆ ತಿಳೀತು.”

ಹಿಂದೆ ನಿಂತ ಮಂದಿ ಡಬ್ಬಿಯ ಕಡೆ ನೋಡಿದರು. ಕೆಲವರು ಚಪ್ಪಲಿ ಬಿಟ್ಟರು. ಆಗ ಒಳಗಿನಿಂದ ಕಸ್ತೂರೆವ್ವನ ದನಿ ಬಂತು.

“ಎರಡಲ್ಲ. ಮೂರ.”

ಪುರಾಣಿಕರು ಕಣ್ಣು ಮುಚ್ಚಿ ಎಣಿಸಿದರು. ಬೆರಳುಗಳು ಮೂರರ ಮೇಲೆ ನಿಂತವು. ಅವರು ಅಲ್ಲಿಯೇ ಹೊಸ್ತಿಲ ಮೇಲೆ ಕುಳಿತು, ಬಿಟ್ಟ ಮೂರೂ ಪದ್ಯಗಳನ್ನು ಆರಂಭದಿಂದ ಕೊನೆಯವರೆಗೆ ಹಾಡಿದರು. ಗಂಟಲು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಅಷ್ಟು ಹೊತ್ತು ಯಾರೂ ಕೆಮ್ಮಲಿಲ್ಲ, ಭೀಮಪ್ಪನೂ ಎಮ್ಮೆಯನ್ನು ಮರೆತ. ಒಳಗೆ ಕಸ್ತೂರೆವ್ವ ಗೋಡೆಗೆ ಒರಗಿ ಕೇಳಿದಳು. ಮುಗಿದ ಮೇಲೆ, “ಈಗ ಇಪ್ಪತ್ತಾರನೇ ದಿನಾ ಪೂರಾ ಆತು,” ಎಂದಳು.

ಮುರಗೆಪ್ಪನಿಗೆ ತಾನು ಮಠವನ್ನು ಬಿಟ್ಟಿಲ್ಲವೆಂದು ಹೇಳುವ ಅವಕಾಶ ಈಗ ಸಿಕ್ಕಿತು. ಇದೆಲ್ಲ ನಿನ್ನೆ ಹಾಕಿದ ದೊಡ್ಡ ಯಾದಿ ಮಾಡಿದವರ ಕೆಲಸವೆಂದ.

“ಯಾರವ್ರು?” ಎಂದರು ಪುರಾಣಿಕರು.

“ಗೊತ್ತಿಲ್ರಿ.”

“ಯಾವೂರವ್ರು?”

“ಅದೂ ಗೊತ್ತಿಲ್ರಿ.”

“ಊರ ಗೊತ್ತಿಲ್ಲದವರ ಮಾತ ಕೇಳಿ ಮಠಾ ಬಿಟ್ರೇನ?” ಎಂದಳು ಹೊಳೆವ್ವ.

“ಆ ಡಬ್ಬೀನ ಕಿತ್ತ ಒಗಿ,” ಎಂದ ರಾಮಣ್ಣ. ಕಾಗದ ಪಡೆದವನಿಗೆ ಡಬ್ಬಿಯ ಭಯವಿರಲಿಲ್ಲ.

“ಕಿತ್ತರ ಹದಿನೆಂಟ ಸಾವಿರ ಮಂದಿ ಒಮ್ಮಿಗೇ ಒಳಗ ಬರ್ತಾರಲ್ಲೋ!”

ಹದಿನೆಂಟು ಸಾವಿರವೆಂಬ ಮಾತು ಕೇಳಿ ಮಂದಿ ತುಸು ಹಿಂದೆ ಸರಿದರು. ಹೋಗಲಿ, ಆ ಒಂದು ಯಾದಿಯನ್ನಾದರೂ ತೆಗೆ ಎಂದ ಭೀಮಪ್ಪ. ಮುರಗೆಪ್ಪ ತಲೆಯಲ್ಲಾಡಿಸಿದ. ಪುಕ್ಕಟೆ ಯಾದಿ ಪಡೆದು, ಕೊಟ್ಟವರನ್ನು ಒಂದು ಮಾತೂ ಕೇಳದೆ ತೆಗೆಯುವುದು ಮನೆತನಸ್ಥರ ಲಕ್ಷಣವಲ್ಲ. ಕೂಡಿಸಿ, ಕೇಳಿ, ಒಪ್ಪಿಸಿಯೇ ತೆಗೆಯಬೇಕು.

ಆ ಸಂಜೆಯೂ ಕಸ್ತೂರೆವ್ವ ಹೊಳೆವ್ವನ ಅಂಗಳದಲ್ಲಿಯೇ ಕೇಳಿದಳು. ಇಪ್ಪತ್ತೆಂಟನೆಯ ದಿನ ಹೀಗೆ ದಾಟಿತು. ಆದರೆ ಪುರಾಣ ಮುಗಿದಾಗ ಹೊಳೆವ್ವ ಫೋನನ್ನು ಸೆರಗಿಗೆ ಕಟ್ಟಿಕೊಳ್ಳುತ್ತ ನೆಲ ನೋಡಿದಳು.

“ಆಯೀ, ನಾಳೆ ಮುಂಜಾನೆ ನಾವೆಲ್ಲ ಬೀರಪ್ಪನ ಗುಡಿಗೆ ಹೊಂಟೇವಿ. ಹರಕಿ ಐತಿ. ನಾಡದ್ದ ಮುಂಜಾನೆ ಬರ್ತೇವಿ.”

“ಹೋಗಿ ಬಾ ನನ್ನವ್ವ. ದೇವರ ಕೆಲಸ,” ಎಂದಳು ಕಸ್ತೂರೆವ್ವ. ಮೆಟ್ಟಿಲು ಹತ್ತುವಾಗ ಮಗನ ಕೈಯನ್ನು ಹಿಡಿಯಲಿಲ್ಲ.

ಇಪ್ಪತ್ತೊಂಬತ್ತನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಮುರಗೆಪ್ಪ ಮೂವತ್ತೇಳನೆಯ ಯಾದಿಯವರ ಪುಟವನ್ನು ತೆರೆದ. ಅಪ್ಪಣೆ ಕೇಳುವವನು ಮೊದಲು ತನ್ನ ಮನೆಯ ವಿಳಾಸ ತಿಳಿಸುವುದು ಮರ್ಯಾದೆ. ತನ್ನ ಐಪಿ ಅಂಕಿಗಳನ್ನು ಅಲ್ಲಿ ತುಂಬಿ ಗುಂಡಿ ಒತ್ತಿದ. ಕೆಂಪು ಅಕ್ಷರದಲ್ಲಿ ಉತ್ತರ ಬಂತು: ಈ ವಿಳಾಸ ನಮ್ಮ ಯಾದಿಯಲ್ಲಿದೆ.

ಮತ್ತೊಮ್ಮೆ ತುಂಬಿದ. ಅದೇ ಉತ್ತರ.

ಅವನು ಕಂಪ್ಯೂಟರನ್ನು ಹಾಗೆಯೇ ಬಿಟ್ಟು ಅಂಗಡಿಯ ಹೊರಗೆ ಮೆಟ್ಟಿಲ ಮೇಲೆ ಕುಳಿತ. ತನ್ನ ಮನೆಯೊಳಗೆ ಹೋಗಬಹುದೋ ಬಾರದೋ ಎಂಬ ಸಂದೇಹ ಅವನನ್ನು ಹಿಡಿದಿತ್ತು. ಮಧುಮತಿ ಊಟಕ್ಕೆ ಕರೆದಳು. ಬರಲಿಲ್ಲ. ಕಡೆಗೆ ಆಕೆಯೇ ಹೊರಗೆ ಬಂದು, ಇಂಟರ್ನೆಟ್ ಕೊಟ್ಟ ಸಣ್ಣ ಕಂಪನಿಗೆ ಫೋನು ಮಾಡಿದಳು. ಮಧ್ಯಾಹ್ನ ಮೂರಕ್ಕೆ ಸ್ಕೂಟರಿನ ಮೇಲೆ ನೇತ್ರಾ ಬಂದಳು. ನಾಲ್ಕು ತಾಲೂಕಿನ ಕಂಬಗಳನ್ನೆಲ್ಲ ಬಲ್ಲ ಹೆಣ್ಣುಮಗಳು. ಹೆಚ್ಚು ನಗುವವಳಲ್ಲ. ಮೂವತ್ತೇಳು ಯಾದಿಗಳನ್ನು ಒಂದೊಂದಾಗಿ ನೋಡಿದಳು.

“ಕಾಕಾ, ಈ ಕಡೀದ ಯಾಕ ಹಾಕಿದ್ರಿ?”

“ದೊಡ್ಡದಿತ್ತು.”

“ಇದು ಇಮೇಲ್ ಟಪಾಲಾ ಹಂಚೂ ಮಷೀನದವ್ರ ಯಾದಿರಿ. ಮನೀ ವಿಳಾಸದಿಂದ ನೇರ ಇಮೇಲ್ ಬಂದ್ರ ತಗೋಬ್ಯಾಡ್ರಿ, ದೊಡ್ಡ ಅಂಚಿ ಮಷೀನ ಹಾದ ಬರ್ಲಿ ಅಂತ ಹೇಳೂದಕ್ಕ ಅಷ್ಟ. ಇದರಾಗಿದ್ದವ್ರು ಕಳ್ಳರಲ್ರಿ. ಮನೀ ಮಂದಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ ಬನಹಟ್ಟಿ, ನಮ್ಮ ಗಿರಾಕಿ ಎಲ್ಲಾರೂ ಅದಾರ. ಮಠಾನೂ ಐತಿ. ಭೀಮಪ್ಪ ಕಾಕಾನ ಎಮ್ಮೀನೂ ಐತಿ.”

“ನಾನೂ ಅದೇನಿ.”

“ನೀವೂ ಅದೀರಿ.”

“ಅಂದ್ರ ನನ್ನ ಬಳಕೀನ ನಾನ ಬಿಟ್ಟಿದ್ದೆ.” ಮುರಗೆಪ್ಪ ಇದನ್ನು ಬಹಳ ಗಂಭೀರವಾಗಿ ಹೇಳಿದ. “ಮತ್ತ ಆ ಹದಿನೆಂಟ ಸಾವಿರ?”

“ಅವು ಮಷೀನ ರೀ. ಕಂಡ ಕಂಡ ಬಾಗಲಾ ಬಡಕೋತ ಹೋಗ್ತಾವು. ಎಲ್ಲಾರ ಮನೀಗೂ ಬರ್ತಾವು, ರಾಮಣ್ಣನ ಮನೀಗೂ. ನಿಮ್ಮ ಬಾಗಲಾ ಮೊದಲ ಮುಚ್ಚೇ ಇತ್ತು. ನೀವ ಕರೀಲಾರದ ಯಾರೂ ಒಳಗ ಬರಾಕ ಬರೂದಿಲ್ಲ. ಯಾದಿ ಒಂದೂ ಇರಲಿಲ್ಲಂದ್ರೂ ಬರ್ತಿರಲಿಲ್ಲ.”

ಎಲ್ಲರ ಮನೆಗೂ ಬರುತ್ತಾರೆ ಎಂಬ ಮಾತು ಮುರಗೆಪ್ಪನಿಗೆ ಉಳಿದೆಲ್ಲಕ್ಕಿಂತ ಹೆಚ್ಚು ನಾಟಿತು. “ಹಂಗಾದ್ರ ಯಾವ ಯಾದಿ ಇಟ್ಕೋಬೇಕು?” ಎಂದ.

“ಎರಡ ಸಾಕ್ರಿ. ಇವೆರಡ ನೋಡ್ರಿ, ದಿನಾ ತಿದ್ದತಾರ. ಕೆಟ್ಟದ್ದು ಸುಧಾರಿಸ್ತಂದ್ರ ಹೆಸರ ತೆಗೀತಾರ. ಒಮ್ಮಿ ಬರದ ಕೈಬಿಟ್ಟ ಯಾದಿ ಮನ್ಯಾಗ ಇಡಬ್ಯಾಡ್ರಿ. ಆ ವಿಳಾಸದಾಗ ಈಗ ಯಾರದಾರ ಅಂತ ಆ ಯಾದಿಗೆ ತಿಳಿಯೂದಿಲ್ಲ. ಮತ್ತ ಇಲ್ಲೊಂದ ಖಾಲಿ ಜಾಗಾ ಐತಿ. ಏನ ಆದ್ರೂ ಬಿಡಬೇಕಾದವ್ರ ಹೆಸರ ಇಲ್ಲಿ ಬರೀರಿ. ಮಠದ್ದ ಮೊದಲ ಬರೀತೇನಿ.”

“ಯಾದಿ ಕೊಟ್ಟವ್ರಿಗೆ ಸಿಟ್ಟ ಬಂದ್ರ?”

“ಅವ್ರಿಗೆ ನೀವಿದ್ದದ್ದ ಗೊತ್ತಿಲ್ರಿ ಕಾಕಾ.”

ಮುರಗೆಪ್ಪ ಮೂವತ್ತೈದು ಯಾದಿಗಳನ್ನು ತಾನೇ ಕೈಯಾರೆ ತೆಗೆದ. ಒಂದೊಂದನ್ನು ತೆಗೆಯುವಾಗಲೂ ಕಣ್ಣು ಮುಚ್ಚಿ ಕ್ಷಮೆ ಕೇಳಿದ. ಆರಕ್ಕೆ ಎರಡು ನಿಮಿಷವಿರುವಾಗ ಟ್ಯಾಬಿನೊಳಗೆ ಮಠದ ಗಂಟೆ ಬಾರಿಸಿತು. ಕಸ್ತೂರೆವ್ವ ಇಪ್ಪತ್ತೊಂಬತ್ತನೆಯ ದಿನದ ಕಥೆಯನ್ನು ತನ್ನ ಜಾಗದಲ್ಲಿಯೇ ಕುಳಿತು ಕೇಳಿದಳು. ನೇತ್ರಾ ಕೂಡ ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದು ಕೊನೆಯವರೆಗೂ ನಿಂತಿದ್ದಳು.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಪಶ್ಚಾತ್ತಾಪವೂ ಮುರಗೆಪ್ಪನಲ್ಲಿ ಭಕ್ತಿಯಷ್ಟೇ ಜೋರು. ಸುಧಾರಿಸಿದ ಮೇಲೂ ಹೆಸರು ತೆಗೆಯದ ಯಾದಿ ಮನೆಯಲ್ಲಿರಬಾರದು ಎಂಬ ಮಾತು ಅವನ ತಲೆಯೊಳಗೆ ಸುತ್ತತೊಡಗಿತ್ತು. ತಂದೆ ಕೊಟ್ಟ ನಾಲ್ಕು ಮನೆಗಳ ಯಾದಿಯನ್ನು ತಿದ್ದಿ ಎಷ್ಟು ವರ್ಷವಾಯಿತು? ಆ ವಿಳಾಸದಲ್ಲಿ ಈಗ ಯಾರಿದ್ದಾರೆ? ಪುರಾಣ ಮುಗಿದ ಕೂಡಲೇ ಕಟ್ಟೆಗೆ ಬಂದು ನಾಲ್ಕೂ ಮನೆಗೆ ಫೋನು ಮಾಡಿದ. ಭೀಮಪ್ಪನಿಗೆ, ರಾಮಣ್ಣನಿಗೆ, ಗುಡಿಗೆ ಹೋಗಿದ್ದ ಹೊಳೆವ್ವನಿಗೆ ಫೋನಿನಲ್ಲಿ, ಓಣಿಗೆಲ್ಲ ಹೇಳಿದ. ಎಲ್ಲರೂ ನಾಳೆ ಊಟಕ್ಕೆ ಬರಬೇಕು, ಹಳೆಯದೆಲ್ಲ ಮರೆಯಬೇಕು. ಏನು ಅಡುಗೆ ಎಂದು ಕೇಳಿದವರಿಗೆ ಹುಗ್ಗಿ ಎಂದ. ಎಷ್ಟು ಹೊತ್ತಿಗೆ ಎಂದವರಿಗೆ, ಸಂಜೆ ಆರಕ್ಕೆ ಎಂದ.

ಮೂವತ್ತನೆಯ ದಿನ ಐದೂವರೆಗೆ ಮನೆಯಲ್ಲಿ ತೊಂಬತ್ತು ಮಂದಿ ಇದ್ದರು. ಭೀಮಪ್ಪ ಎಮ್ಮೆ ಹೆಣ್ಣುಕರು ಹಾಕಿದ ಚಿತ್ರವನ್ನು ಮನೆಯ ವೈಫೈಯಲ್ಲಿಯೇ ಎಲ್ಲರಿಗೂ ತೋರಿಸುತ್ತಿದ್ದ. ಬೀರಪ್ಪನ ಗುಡಿಯಿಂದ ಮರಳಿದ ಹೊಳೆವ್ವ ಬಂದವರಿಗೆಲ್ಲ ಭಂಡಾರದ ಅರಿಶಿನ ಹಚ್ಚುತ್ತಿದ್ದಳು. ಮುಧೋಳದ ಮನೆಯಿಂದ ಸುಂದರವ್ವ ಎಂಬ ಮುದುಕಿ ಬಂದಿದ್ದಳು. ಬಳಕೆ ಬಿಟ್ಟದ್ದು ಯಾಕೆಂದು ಮುರಗೆಪ್ಪ ಆಕೆಯನ್ನು ಕೈಮುಗಿದು ಕೇಳಿದ.

“ನಮಗ ಗೊತ್ತಿಲ್ಲಪಾ,” ಎಂದಳು ಸುಂದರವ್ವ. “ನೀವ ಬಿಟ್ಟೀರಂತ ನಾವ ಬಿಟ್ಟಿದ್ವಿ.”

ಆರು ಹೊಡೆಯಿತು. ನಡುಮನೆಯಲ್ಲಿ ಟ್ಯಾಬಿನ ಮುಂದೆ ಕಸ್ತೂರೆವ್ವ ಹೊಸ ಸೀರೆ ಉಟ್ಟು ಕುಳಿತಿದ್ದಳು. ಸಿದ್ದಾರೂಢ ಪುರಾಣಿಕರು ಗಂಟಲು ಸರಿಪಡಿಸಿಕೊಂಡು ಕಡೆಯ ಅಧ್ಯಾಯದ ಪುಟ ತೆರೆದರು.

ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಗದ್ದಲವೆದ್ದಿತು. ಮಧುಮತಿ ಹತ್ತು ಮಂದಿಗಿಂತ ಹೆಚ್ಚಿಗೆ ಹುಗ್ಗಿ ಮಾಡಿದವಳಲ್ಲ. ಕೊಪ್ಪರಿಗೆಯಲ್ಲಿ ಬೆಲ್ಲ ಉಕ್ಕುತ್ತಿತ್ತು. ಹದ ಆಯಿತೆಂದು ಒಬ್ಬರು, ಆಗಿಲ್ಲವೆಂದು ಇನ್ನೊಬ್ಬರು. ಹೊಳೆವ್ವ ಒಂದು ಹನಿ ತೆಗೆದು ನೀರಿಗೆ ಬಿಟ್ಟು ನೋಡಿ, ತನಗೆ ಕುರಿಯ ಹಾಲಿನ ಹದ ಮಾತ್ರ ಗೊತ್ತು ಎಂದಳು. ಸುಂದರವ್ವ ಎದ್ದು ಬಂದು ಇಣುಕಿ, “ಕಸ್ತೂರಿ ಇರೂ ಮನ್ಯಾಗ ನಾವ್ಯಾಕ ಕೈ ಹಚ್ಚೂದು?” ಎಂದು ಹಿಂದೆ ಸರಿದಳು. ಮಧುಮತಿ ಬಾಗಿಲಲ್ಲಿ ನಿಂತು ಅತ್ತೆಯನ್ನು ನೋಡಿದಳು, ಕರೆಯಲಿಲ್ಲ. ಗಂಡನನ್ನು ನೋಡಿದಳು.

ಮುರಗೆಪ್ಪ ತೊಂಬತ್ತು ಮಂದಿಯ ನಡುವೆ ದಾರಿ ಮಾಡಿಕೊಂಡು ಬಂದು ತಾಯಿಯ ಬದಿಗೆ ಮೊಣಕಾಲೂರಿದ. ಪುರಾಣಿಕರು ಮೊದಲ ಪದ್ಯದ ರಾಗ ಎತ್ತಿಕೊಳ್ಳುತ್ತಿದ್ದರು.

“ಅವ್ವಾ, ಪಾಕ ಹೊತ್ತಾಕತ್ತೇತಿ. ನಾಲ್ಕೂ ಮನಿಯವ್ರು ಬಂದಾರ. ಮರ್ಯಾದಿ ಪ್ರಶ್ನಾ ಐತಿ. ಎರಡ ನಿಮಿಷ ಒಳಗ ಬಂದ ನೋಡಿ ಹೋಗಬೇ.”

ಕಸ್ತೂರೆವ್ವ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಬರೂದಿಲ್ಲ,” ಎಂದಳು.